ಯಾವುದು ಮೇಲು, ಯಾಕೆ ಮೇಲು?

ಗೋಕಾಕದವರ ಎದುರು ಅಮೀನಗಡದ ಕರದಂಟೇ ಮೇಲು ಎಂದು ಹೇಳಿ ಸುಮ್ಮನೆ ಎದ್ದು ಹೋಗಲು ಬರುವುದಿಲ್ಲ. ‘ಯಾಕ್ರೀ, ಹೆಂಗ್ ಮ್ಯಾಲ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದ ಮೇಲೆ ಹೇಳಲೇಬೇಕು. ಹೇಳತೊಡಗಿದರೆ ಮಾತು ಕರದಂಟಿನ ಒಳಗೇ ಇಳಿಯುತ್ತದೆ: ತುಪ್ಪದಲ್ಲಿ ಕರಿದ ಅಂಟು ಪೂರ್ತಿ ಅರಳಿದೆಯೋ ಇಲ್ಲವೋ, ಒಣಕೊಬ್ಬರಿ ಎಷ್ಟು ಸಣ್ಣಗೆ ತುರಿದಿದ್ದಾರೆ, ಉತ್ತತ್ತಿಯದು ಮೇಲುಗೈಯೋ ಗೋಡಂಬಿಯದೋ, ಬೆಲ್ಲದ ಪಾಕ ಒಂದು ಕುದಿ ಹೆಚ್ಚಾಗಿ ತುಂಡು ಹಲ್ಲಿಗೆ ಗಟ್ಟಿಯಾಯಿತೋ. ಒಬ್ಬರಿಗೆ ಮೆತ್ತಗಿನದು ಬೇಕು, ಇನ್ನೊಬ್ಬರಿಗೆ ಅಗಿಯುವಾಗ ಅಂಟು ಕಟಂ ಎನ್ನಬೇಕು. ಬಾಣಂತಿಗೆಂದು ಮನೆಯಲ್ಲಿ ಕಟ್ಟಿದ ಅಂಟಿನ ಉಂಡೆಯ ರುಚಿ ನಾಲಗೆಯಲ್ಲಿ ಉಳಿದವರು ಅಂಗಡಿಯ ಎರಡನ್ನೂ ಬದಿಗಿಟ್ಟು ಉಂಡೆಗೆ ಮೊದಲ ಸ್ಥಾನ ಕೊಡುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಯಾರು ಗೆದ್ದರು ಎಂಬುದು ಹಿಂದೆ ಬಿದ್ದಿರುತ್ತದೆ. ಕರದಂಟಿನಲ್ಲಿ ಏನೇನಿದೆ, ತಿನ್ನುವಾಗ ನಾವು ಏನನ್ನು ಹುಡುಕುತ್ತೇವೆ ಎಂಬುದು ಮಾತ್ರ ಎಲ್ಲರಿಗೂ ಮೊದಲಿಗಿಂತ ಚೆನ್ನಾಗಿ ಗೊತ್ತಾಗಿರುತ್ತದೆ.

ಮೆಚ್ಚಿನವುಗಳನ್ನು ಸಾಲು ನಿಲ್ಲಿಸಿ ‘ಇದು ಮೊದಲು, ಇದು ಎರಡನೇದು’ ಎನ್ನುವ ಈ ಆಟವನ್ನು ಹೊತ್ತುಗಳೆಯುವ ಹರಟೆಯೆಂದು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ಇದು ಸಾಮಾನ್ಯ ಜನ ದಿನನಿತ್ಯ ಮಾಡುವ ವಿಮರ್ಶೆ. ಇದಕ್ಕೆ ಪದವಿ ಬೇಕಿಲ್ಲ, ವೇದಿಕೆ ಬೇಕಿಲ್ಲ. ಬೇಕಾದದ್ದು ಎರಡೇ: ಸ್ವಂತ ಅನುಭವ, ಮತ್ತು ‘ಯಾಕೆ’ ಎಂದು ಕೇಳಿದಾಗ ಕೊಡಬಲ್ಲ ಕಾರಣ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಈ ವಿಮರ್ಶೆಗೆ ಹಳೆಯ ಬೇರುಗಳಿವೆ. ಅವನ್ನು ಗುರುತಿಸಿ ಉಳಿಸಿಕೊಳ್ಳಬೇಕು ಎಂಬುದೇ ಈ ಬರಹದ ವಾದ.

ಇದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ಲೋಕವೆಲ್ಲ ಭಿನ್ನರುಚಿ, ಅವರವರಿಗೆ ಅವರವರದು ಚೆಂದ, ಹೋಲಿಸುವುದೇಕೆ? ಮಾತು ಸೌಜನ್ಯದ್ದು, ಆದರೆ ಅದನ್ನು ಆಡಿದ ಕ್ಷಣಕ್ಕೆ ಸಂಭಾಷಣೆ ಮುಗಿಯುತ್ತದೆ. ನನ್ನ ರುಚಿ ನನಗೆ ಎಂದವನು ಎದುರಿನವರ ಕಾರಣ ಕೇಳುವುದಿಲ್ಲ, ತನ್ನ ಕಾರಣ ಹುಡುಕುವುದೂ ಇಲ್ಲ. ರುಚಿ ಭಿನ್ನ ಎನ್ನುವುದು ನಿಜ. ಭಿನ್ನವಾಗಿರುವುದರಿಂದಲೇ ಅದರ ಬಗ್ಗೆ ಮಾತಾಡಲು ಏನಾದರೂ ಇದೆ. ಎಲ್ಲರಿಗೂ ಒಂದೇ ರುಚಿ ಇದ್ದಿದ್ದರೆ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಊಟದ ತಾಟಿನಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಜೋಳದ ರೊಟ್ಟಿಯ ಜೊತೆ ನಮ್ಮ ಕಡೆ ನಾಲ್ಕು ಹಿಂಡಿಗಳು (ಚಟ್ನಿಪುಡಿಗಳು) ಮುಖ್ಯ: ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ. ನನ್ನ ಸಾಲಿನಲ್ಲಿ ಗುರೆಳ್ಳು ಮೊದಲು, ಅಗಸಿ ಎರಡು, ಶೇಂಗಾ ಮೂರು, ಪುಟಾಣಿ ನಾಲ್ಕು. ಶೇಂಗಾ ಹಿಂಡಿ ಯಾವುದರ ಜೊತೆಗೂ ಹೊಂದಿಕೊಳ್ಳುತ್ತದೆ, ಅದಕ್ಕೇ ಅದು ತನ್ನದೇ ಗುರುತು ಬಿಟ್ಟುಹೋಗುವುದು ಕಡಿಮೆ. ಗುರೆಳ್ಳಿನಲ್ಲಿ ಒಂದು ಕಪ್ಪು ಕಮಟು ವಾಸನೆಯಿದೆ, ತುದಿಯಲ್ಲಿ ತುಸು ಕಹಿಯಿದೆ. ಕಡಕ್ ರೊಟ್ಟಿಯ ಸಪ್ಪೆ ಸಿಹಿ ಆ ಕಹಿಯ ಪಕ್ಕದಲ್ಲಿ ಎದ್ದು ಕಾಣುತ್ತದೆ. ಮೇಲೆ ನಾಲ್ಕು ಹನಿ ಹಸಿ ಎಣ್ಣೆ, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ ಇದ್ದರೆ ಪಲ್ಯ ಬೇಕೆನಿಸುವುದಿಲ್ಲ. ಇದು ನನ್ನ ಕಾರಣ.

ಇದಕ್ಕೆ ನಮ್ಮ ಮನೆಯಲ್ಲೇ ವಿರೋಧವಿದೆ. ‘ದಿನಾ ತಿನ್ನಾಕ ಬೇಸರಾಗಲಾರದ್ದು ಯಾವುದೋ ಅದ ಮೊದಲನೇದು, ಗುರೆಳ್ಳು ವಾರಕ್ಕೊಮ್ಮೆ ಸಾಕು’ ಎನ್ನುತ್ತಾರೆ. ಈ ಮಾತು ಕೇಳಿದ ಮೇಲೆ ನನಗೆ ಒಂದು ವ್ಯತ್ಯಾಸ ಹೊಳೆಯಿತು. ಎದ್ದು ಕಾಣುವ ರುಚಿ ಒಂದು ಅಳತೆ, ಬೇಸರವಾಗದಿರುವುದು ಇನ್ನೊಂದು ಅಳತೆ. ಎರಡೂ ಸರಿಯಾದ ಅಳತೆಗಳೇ. ಬೇಸಿಗೆಯಲ್ಲಿ ಮೊಸರು ಕಲಸಿ ತಿನ್ನುವಾಗ ಅಗಸಿ ಹಿಂಡಿ ಗುರೆಳ್ಳನ್ನು ಹಿಂದೆ ಹಾಕುತ್ತದೆ ಎಂಬುದನ್ನೂ ನಾನು ಒಪ್ಪಬೇಕಾಗುತ್ತದೆ. ಸಾಲು ಹಾಕದೆ ನಾಲ್ಕೂ ಚೆಂದ ಎಂದಿದ್ದರೆ ಈ ಯಾವ ವಿಚಾರವೂ ಹುಟ್ಟುತ್ತಿರಲಿಲ್ಲ.

ಎಲ್ಲ ಪೈಪೋಟಿಯೂ ಇಂಥದ್ದಲ್ಲ. ಜಾತ್ರೆಗಳಲ್ಲಿ ನಡೆಯುವ ತೆರೆಬಂಡಿ ಸ್ಪರ್ಧೆಯಲ್ಲಿ ಯಾವ ಜೋಡಿ ಎತ್ತು ಮೇಲು ಎಂಬುದಕ್ಕೆ ಅಳತೆ ಪಟ್ಟಿಯೇ ಸಾಕ್ಷಿ. ಬಂಡಿಯನ್ನು ಕೊಟ್ಟ ಸಮಯದಲ್ಲಿ ಎಷ್ಟು ಅಡಿ ಎಳೆದವು ಎಂದು ನೆಲದ ಮೇಲೆ ಅಳೆಯುತ್ತಾರೆ, ಹೆಚ್ಚು ಎಳೆದವು ಗೆದ್ದವು. ಅಲ್ಲಿ ವಾದಕ್ಕೆ ಜಾಗವಿಲ್ಲ, ಇರಬಾರದು ಕೂಡ. ಅಳತೆ ಮೊದಲೇ ನಿಶ್ಚಯವಾಗಿರುವಲ್ಲಿ ತೀರ್ಪು ಸುಲಭ. ಮೆಚ್ಚಿನವುಗಳ ಸಾಲಿನಲ್ಲಿ ಅಳತೆಯನ್ನೇ ನಾವು ಆರಿಸಿಕೊಳ್ಳಬೇಕು, ಆರಿಸಿಕೊಂಡದ್ದಕ್ಕೆ ಜವಾಬ್ದಾರರಾಗಬೇಕು.

ಜಲಪಾತಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಎತ್ತರವೇ ಅಳತೆಯಾದರೆ ಶರಾವತಿಯ ಜೋಗ 253 ಮೀಟರ್, ಘಟಪ್ರಭೆಯ ಗೋಕಾಕ ಜಲಪಾತ ಸುಮಾರು 52 ಮೀಟರ್. ಮಾತು ಮುಗಿಯಿತು. ಆದರೆ ಮನುಷ್ಯರ ಬದುಕಿನೊಂದಿಗೆ ನೀರು ಎಷ್ಟು ಹೆಣೆದುಕೊಂಡಿದೆ ಎಂಬುದು ಅಳತೆಯಾದರೆ ಸಾಲು ಬದಲಾಗುತ್ತದೆ. ಗೋಕಾಕ ಫಾಲ್ಸಿನಲ್ಲಿ ಧುಮುಕುವ ನೀರಿನ ಬಲದಿಂದ ಹತ್ತಿ ಗಿರಣಿ ನಡೆಸಲು ಶುರುವಾದದ್ದು 1887ರ ಸುಮಾರಿಗೆ. ಹೆಸರಾದ ಶಿವನಸಮುದ್ರ ಜಲಪಾತದ ವಿದ್ಯುತ್ ಕೋಲಾರದ ಗಣಿಗೆ ಹರಿದದ್ದೂ ಅದಾದ ಮೇಲೆಯೇ, 1902ರಲ್ಲಿ. ಗೋಕಾಕ ಜಲಪಾತದ ಮೇಲ್ಗಡೆ ಇನ್ನೂರು ಮೀಟರಿನಷ್ಟು ಉದ್ದದ ತೂಗುಸೇತುವೆ, ದಂಡೆಯಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿ, ಗಿರಣಿಯ ಸುತ್ತ ಬೆಳೆದ ಕಾರ್ಮಿಕರ ಊರು. ಒಂದೇ ಕಡೆ ನಿಂತು ಇಷ್ಟನ್ನೂ ನೋಡಬಹುದಾದ ಜಲಪಾತ ಇನ್ನೊಂದನ್ನು ನಾನು ಕಂಡಿಲ್ಲ.

ಆದರೂ ನನ್ನ ಸಾಲಿನಲ್ಲಿ ಮೊದಲು ನಿಲ್ಲುವುದು ಗೊಡಚಿನಮಲ್ಕಿ. ಮಾರ್ಕಂಡೇಯ ನದಿ ಅಲ್ಲಿ ಒಂದೇ ನೆಗೆತಕ್ಕೆ ಬೀಳುವುದಿಲ್ಲ. ಮೊದಲು ಒಂದು ಮೆಟ್ಟಿಲು ಇಳಿದು, ಬಂಡೆಗಳ ಮೇಲೆ ಅಗಲವಾಗಿ ಹರಡಿ, ಮತ್ತೊಂದು ಮೆಟ್ಟಿಲು ಇಳಿಯುತ್ತದೆ. ಗೋಕಾಕ ಫಾಲ್ಸಿನಲ್ಲಿ ಕಣ್ಣು ಅಂಚಿನಿಂದ ತಳಕ್ಕೆ ಒಮ್ಮೆಲೇ ಬೀಳುತ್ತದೆ. ಗೊಡಚಿನಮಲ್ಕಿಯಲ್ಲಿ ಕಣ್ಣಿಗೆ ನೀರಿನ ಜೊತೆ ನಡೆಯಲು ಸಮಯ ಸಿಗುತ್ತದೆ. ಗೋಕಾಕ ಜಲಪಾತವನ್ನು ಕರ್ನಾಟಕದ ನಯಾಗರ ಎಂದು ಹೊಗಳುವವರ ಮಾತು ನನಗೆ ರುಚಿಸುವುದಿಲ್ಲ. ಪ್ರೀತಿಯಿಂದಲೇ ಹೇಳಿದರೂ ಅದು ನಮ್ಮದನ್ನು ಬೇರೆಯವರ ಸಾಲಿನಲ್ಲಿ ಕೆಳಗಿನ ಸ್ಥಾನಕ್ಕೆ ನಿಲ್ಲಿಸಿಬಿಡುತ್ತದೆ. ನಮ್ಮ ನೀರಿಗೆ ನಮ್ಮದೇ ಅಳತೆ ಇರಲಿ.

ಅಳತೆ ಆರಿಸಿಕೊಳ್ಳುವಾಗ ‘ಯಾವುದಕ್ಕಾಗಿ’ ಎಂಬ ಪ್ರಶ್ನೆಯನ್ನು ಮರೆಯಬಾರದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ತೆಳ್ಳಗೆ, ಉದ್ದಕ್ಕೆ, ಖಾರಕ್ಕೆ ಹೆಸರುವಾಸಿ. ಕೊಲ್ಹಾಪುರದ ಮಸಾಲೆಯವರೂ ಅದನ್ನು ಬೇಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಸುಕ್ಕುಗಟ್ಟಿದ ಮೈಯದು, ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಬಂದಿದೆ. ಎರಡರಲ್ಲಿ ಯಾವುದು ಮೇಲು ಎಂದು ಬರಿದೇ ಕೇಳಿದರೆ ಉತ್ತರವಿಲ್ಲ. ರಂಜಕಕ್ಕೋ, ಸಾರಿಗೋ, ವರ್ಷದ ಖಾರದ ಪುಡಿಗೋ ಎಂದು ಕೇಳಿದರೆ ಉತ್ತರವಿದೆ. ಪುಡಿ ಕುಟ್ಟಿಸುವ ಹೆಣ್ಣುಮಕ್ಕಳು ಎರಡನ್ನೂ ಒಂದು ಲೆಕ್ಕದಲ್ಲಿ ಬೆರೆಸುತ್ತಾರೆ, ಒಂದು ಬಣ್ಣಕ್ಕೆ, ಒಂದು ಖಾರಕ್ಕೆ. ಸರಿಯಾಗಿ ತೂಗಿ ನೋಡಿದವರಿಗೆ ಮಾತ್ರ ಬೆರೆಸುವ ಪ್ರಮಾಣ ಗೊತ್ತಾಗುತ್ತದೆ. ಸಾಲು ಹಾಕುವುದು ಒಂದನ್ನು ಬಿಸಾಡಲಿಕ್ಕೆ ಎಂದು ಭಾವಿಸುವವರು ಈ ಬೆರಕೆಯನ್ನು ಗಮನಿಸಬೇಕು.

ಈ ಸೀಮೆಯಲ್ಲಿ ಹೆಚ್ಚು ಕಡಿಮೆಯ ವಾದಕ್ಕೆ ಒಂದು ಹಾಡಿನ ರಂಗವೇ ಇದೆ. ಗೀಗೀ ಪದದ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡುತ್ತಾರೆ. ದಪ್ಪು, ತುಂತುಣಿ, ತಾಳದ ಜೊತೆ ರಾತ್ರಿಯಿಡೀ ಸವಾಲು ಜವಾಬು ನಡೆಯುತ್ತದೆ. ಒಬ್ಬರು ಪುರಾಣದಿಂದ ಒಂದು ಗಂಟು ಕಟ್ಟಿ ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಅದನ್ನು ಬಿಚ್ಚಬೇಕು. ಬರೇ ಜೋರು ದನಿಯಿಂದ ಅಲ್ಲಿ ನಡೆಯುವುದಿಲ್ಲ. ಕೂತ ಜನ ಕಾರಣಕ್ಕೆ ತಲೆದೂಗುತ್ತಾರೆ, ಕಾರಣವಿಲ್ಲದ ಹೊಗಳಿಕೆಗೆ ಸುಮ್ಮನಿರುತ್ತಾರೆ. ಓದು ಬರಹ ಇಲ್ಲದವರೂ ಬೆಳಗಾಗುವುದರೊಳಗೆ ಎರಡೂ ಪಕ್ಷದ ವಾದವನ್ನು ಪೂರ್ತಿ ಕೇಳಿರುತ್ತಾರೆ. ಈ ಹಾಡಿಕೆ ಮಹಾರಾಷ್ಟ್ರದ ಕಲಗಿ ತುರಾ ಪರಂಪರೆಯ ಒಡಹುಟ್ಟು. ಗಡಿಯ ಈಚೆಗೂ ಆಚೆಗೂ ಜನ ಒಂದೇ ಬಗೆಯ ವಾದವನ್ನು ಎರಡು ನುಡಿಗಳಲ್ಲಿ ಹಾಡಿದ್ದಾರೆ.

ಹರದೇಶಿ ನಾಗೇಶಿಯಲ್ಲಿ ಪಕ್ಷ ಹಿಡಿಯುವುದು ಒಂದು ಶಿಸ್ತು. ನಾಗೇಶಿ ಮೇಳದ ಗಾಯಕಿ ವೇದಿಕೆಯ ಮೇಲೆ ನಿಂತು, ಗಂಡಸರೇ ಹೆಚ್ಚಿರುವ ಸಭೆಯಲ್ಲಿ ಹೆಣ್ಣಿನ ಹೆಚ್ಚುಗಾರಿಕೆಯನ್ನು ವಾದಿಸಿ ಚಪ್ಪಾಳೆ ಪಡೆಯುತ್ತಾಳೆ. ಮನೆಯಲ್ಲಿ ಎದುರು ಮಾತಾಡಲು ಅವಕಾಶವಿಲ್ಲದ ಕಾಲದಲ್ಲೂ ಹಾಡಿನಲ್ಲಿ ಆ ಅವಕಾಶವಿತ್ತು. ಆಟದ ವಾದ ಬದುಕಿನ ವಾದಕ್ಕೆ ಮಾತು ಕಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆಟ ಎಲ್ಲಿ ನಿಲ್ಲಬೇಕು ಎಂಬುದನ್ನೂ ಇದೇ ನೆಲದ ರಂಗಭೂಮಿ ಹೇಳಿಕೊಟ್ಟಿದೆ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣ ರೂಪಿಸಿದ ಶ್ರೀಕೃಷ್ಣ ಪಾರಿಜಾತ ಉತ್ತರ ಕರ್ನಾಟಕದ ಊರೂರಿನಲ್ಲಿ ಆಡಿದ ಆಟ. ಕೌಜಲಗಿಯ ನಿಂಗಮ್ಮ ಅದನ್ನು ತಮ್ಮ ಮೇಳದೊಂದಿಗೆ ಮನೆಮಾತಾಗಿಸಿದರು. ಕಥೆ ಗೊತ್ತಿರುವುದೇ. ನಾರದ ಪಾರಿಜಾತದ ಹೂವೊಂದನ್ನು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಹೂವುಗಳಲ್ಲಿ ಯಾವುದು ಮೇಲು ಎಂದು ಕೇಳಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ. ಹೂವಿನ ನೆಪದಲ್ಲಿ ಹೆಂಡಿರಲ್ಲಿ ಯಾರು ಮೇಲು ಎಂಬ ಪ್ರಶ್ನೆ ಎದ್ದದ್ದರಿಂದ ಮನೆ ಹೊತ್ತಿಕೊಂಡಿತು. ಸತ್ಯಭಾಮೆಯ ಮುನಿಸಿಗೆ ನಗುವ ಪ್ರೇಕ್ಷಕರು ಆಕೆಯ ನೋವನ್ನೂ ಅರಿಯುತ್ತಾರೆ, ಯಾಕೆಂದರೆ ತಮ್ಮ ಮನೆಗಳಲ್ಲೂ ಅದನ್ನು ಕಂಡಿರುತ್ತಾರೆ.

ಗೆರೆ ಎಳೆಯಬೇಕಾದದ್ದು ಇಲ್ಲೇ. ಹಿಂಡಿಯನ್ನು, ಹಾಡನ್ನು, ಜಲಪಾತವನ್ನು ಸಾಲು ನಿಲ್ಲಿಸಬಹುದು, ಕೊನೆಗೆ ಬಂದದ್ದಕ್ಕೆ ಏನೂ ನಷ್ಟವಿಲ್ಲ. ಮಕ್ಕಳನ್ನು, ಸೊಸೆಯಂದಿರನ್ನು, ಜಾತಿಗಳನ್ನು, ನೆರೆಯ ನುಡಿಗಳನ್ನು ಸಾಲು ನಿಲ್ಲಿಸಬಾರದು. ಕೊನೆಗೆ ನಿಂತವರಿಗೆ ಗಾಯವಾಗುತ್ತದೆ ಎಂದಾದರೆ ಅದು ಆಟವಾಗಿ ಉಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಬದುಕುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನವನ್ನು ನನ್ನ ಸಾಲಿನಲ್ಲಿ ಮೇಲಿಡುವಾಗ ಅವರು ಯಾವ ನುಡಿಯಲ್ಲಿ ಹಾಡುತ್ತಿದ್ದಾರೆ ಎಂದು ನಾನು ಕೇಳುವುದಿಲ್ಲ. ಪ್ರೀತಿಯ ಪಟ್ಟಿಗೆ ಗಡಿಯ ಕಾವಲು ಬೇಡ.

ಪರಿಣಾಮವಿರುವ ಶ್ರೇಣಿಗಳು ಬೇರೆಯ ಜಾತಿಯವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಸೂಚ್ಯಂಕ ಹಾಕಿ ನೋಡಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅಂಥ ಶ್ರೇಣಿಯ ಮೇಲೆ ಹಣ, ರಸ್ತೆ, ಶಾಲೆ, ಆಸ್ಪತ್ರೆ ನಿಂತಿರುತ್ತವೆ. ಅಲ್ಲಿ ಅಂಕಿ ಅಂಶ ಬೇಕು, ಪಾರದರ್ಶಕ ವಿಧಾನ ಬೇಕು, ಯಾರ ವೈಯಕ್ತಿಕ ಒಲವೂ ಸುಳಿಯಬಾರದು. ಮೆಚ್ಚಿನವುಗಳ ಸಾಲಿನಲ್ಲಿ ಒಲವೇ ಬಂಡವಾಳ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಇಂದು ನಮ್ಮ ಕೈಯಲ್ಲಿರುವ ಮೊಬೈಲು ಇವೆರಡರ ನಡುವಿನ ಒಂದು ಶ್ರೇಣಿಯನ್ನು ತಂದಿಟ್ಟಿದೆ. ಖಾನಾವಳಿಗೆ ನಾಲ್ಕೂವರೆ ಚುಕ್ಕಿ, ಸಿನಿಮಾಕ್ಕೆ ಮೂರೂಕಾಲು ಚುಕ್ಕಿ, ಹಾಡಿಗೆ ಇಷ್ಟು ಲಕ್ಷ ನೋಟ. ನೋಡಲು ಲೆಕ್ಕದಂತಿದೆ, ವಾಸ್ತವದಲ್ಲಿ ಒಲವುಗಳ ಸರಾಸರಿ. ಮೆತ್ತಗಿನ ಕರದಂಟು ಬೇಕೆನ್ನುವವರನ್ನೂ ಗಟ್ಟಿ ಬೇಕೆನ್ನುವವರನ್ನೂ ಕೂಡಿಸಿ ಭಾಗಿಸಿದರೆ ಬರುವುದು ಇಬ್ಬರಿಗೂ ಬೇಡದ ನಡುವಿನ ಒಂದು ಸಂಖ್ಯೆ. ಅದನ್ನು ‘ಯಾಕೆ’ ಎಂದು ಕೇಳಿದರೆ ಹೇಳಲು ಯಾರೂ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿಯ ರಸ್ತೆಗಳಲ್ಲಿ ಸಾಗುವ ಟ್ರ್ಯಾಕ್ಟರುಗಳ ಮೇಲೆ ಜೋರಾಗಿ ಕೇಳುವ ಜಾನಪದ ಹಾಡುಗಳನ್ನೇ ನೋಡಿ. ಯಾವ ಹಾಡು ಹೆಚ್ಚು ನೋಟ ಪಡೆದಿದೆ ಎಂದು ಯಂತ್ರ ಹೇಳಬಲ್ಲದು. ರಾತ್ರಿ ಕಾರ್ಖಾನೆಯ ಸಾಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುವ ಚಾಲಕನಿಗೆ ಯಾವ ಹಾಡು ನಿದ್ದೆ ತಡೆಯುತ್ತದೆ, ಯಾವುದು ಮನೆಯ ನೆನಪು ತರುತ್ತದೆ ಎಂದು ಹೇಳಬಲ್ಲವನು ಆ ಚಾಲಕ ಮಾತ್ರ. ಅವನ ಹತ್ತು ಹಾಡುಗಳ ಸಾಲು ನನಗೆ ಯಂತ್ರದ ಸಾಲಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಿನಿಮಾದಲ್ಲೂ ಅಷ್ಟೇ. ರಾಜಕುಮಾರ್ ಚಿತ್ರಗಳಲ್ಲಿ ಯಾವುದು ಮೊದಲು ಎಂದರೆ ನಾಡಿನ ಬಹುಪಾಲು ಜನ ‘ಬಂಗಾರದ ಮನುಷ್ಯ’ (1972) ಎನ್ನಬಹುದು. ಒಕ್ಕಲುತನ ಮಾಡುವ ನಾಡಿಗೆ ಅದು ಸಹಜ. ನಾನು ‘ಸಂಪತ್ತಿಗೆ ಸವಾಲ್’ (1974) ಮೊದಲಿಡುತ್ತೇನೆ. ಅದು ತೆರೆಗೆ ಬರುವ ಮೊದಲು ಪಿ.ಬಿ. ಧುತ್ತರಗಿಯವರ ನಾಟಕವಾಗಿ ನಮ್ಮ ಕಡೆಯ ಕಂಪನಿ ರಂಗದ ಮೇಲೆ ಓಡಿತ್ತು. ಉತ್ತರ ಕರ್ನಾಟಕದ ಊರ ಜಗಳ, ಊರ ಸ್ವಾಭಿಮಾನ, ಸಾಹುಕಾರನ ಎದುರು ನಿಲ್ಲುವ ಹುಂಬತನ ಅದರಲ್ಲಿದೆ. ಅದೇ ಚಿತ್ರದ ಎಮ್ಮೆಯ ಹಾಡು ರಾಜಕುಮಾರರನ್ನು ಗಾಯಕರಾಗಿ ನಿಲ್ಲಿಸಿತು. ‘ಬಂಗಾರದ ಮನುಷ್ಯ’ದ ರಾಜೀವಪ್ಪ ನಾವು ಆಗಬೇಕಾದ ಮನುಷ್ಯ, ‘ಸಂಪತ್ತಿಗೆ ಸವಾಲ್’ ಚಿತ್ರದ ಭದ್ರ ನಮ್ಮ ಓಣಿಯಲ್ಲೇ ಇರುವ ಮನುಷ್ಯ. ನನಗೆ ಓಣಿಯವನು ಹತ್ತಿರ. ಇದನ್ನು ಒಪ್ಪದವರು ತಮ್ಮ ಕಾರಣದೊಂದಿಗೆ ಬರಲಿ. ಅವರಿಂದ ‘ಬಂಗಾರದ ಮನುಷ್ಯ’ವನ್ನು ಹೊಸದಾಗಿ ನೋಡಲು ಕಲಿತರೆ ಲಾಭ ನನಗೇ.

ಒಲವಿನಿಂದ ಆರಿಸುವುದಕ್ಕೆ ಇನ್ನೂ ದೊಡ್ಡ ಫಲವೂ ಇದೆ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಪದಗಳನ್ನು ಕೇಳಿ, ಆರಿಸಿ, 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು, ನಮ್ಮ ಆನಂದಕಂದರು, ಇದೇ ಜನರ ನುಡಿಯ ಲಯವನ್ನು ತಮ್ಮ ‘ನಲ್ವಾಡುಗಳು’ ಸಂಕಲನಕ್ಕೆ ತಂದರು. ಪಂಡಿತರ ಅಂದಿನ ಸಾಲಿನಲ್ಲಿ ಈ ಹಾಡುಗಳಿಗೆ ಜಾಗವೇ ಇರಲಿಲ್ಲ. ‘ನಮಗೆ ಇವು ಮೇಲು, ಇಂಥ ಕಾರಣಕ್ಕೆ ಮೇಲು’ ಎಂದು ಹೇಳುವ ಧೈರ್ಯ ಕೆಲವರು ತೋರಿದ್ದರಿಂದ ಅವು ಇಂದು ನಮ್ಮ ಕೈಯಲ್ಲಿವೆ. ಒಬ್ಬರ ಮೆಚ್ಚಿಗೆ ಕಾರಣ ಸಮೇತ ಹೊರಬಂದರೆ ಅದು ಎಲ್ಲರ ಆಸ್ತಿಯಾಗಬಲ್ಲದು.

ಆದ್ದರಿಂದ ಈ ಆಟಕ್ಕೆ ಮೂರು ಕಟ್ಟಳೆ ಸಾಕು. ಸಾಲು ತನ್ನದಾಗಿರಬೇಕು: ತಿಂದು, ಕೇಳಿ, ನೋಡಿ ಹಾಕಿದ್ದಾಗಿರಬೇಕು. ಪ್ರತಿ ಸ್ಥಾನಕ್ಕೂ ಒಂದು ಕಾರಣ ಇರಬೇಕು, ಅದನ್ನು ಎದುರಿನವರ ಮುಂದೆ ಹೇಳಲು ಬರಬೇಕು. ಒಳ್ಳೆಯ ಕಾರಣ ಕೇಳಿದಾಗ ಸಾಲು ಬದಲಿಸುವ ಮನಸ್ಸಿರಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಹಿಂಡಿಯ ವಿಷಯದಲ್ಲಿ ಮನಸ್ಸು ಬದಲಿಸಲು ಕಲಿಯದವರು ಮತ ಹಾಕುವಾಗ, ಮದುವೆ ಮಾತಾಡುವಾಗ, ಪಂಚಾಯತಿಯಲ್ಲಿ ಕೂತಾಗ ಕಲಿಯುತ್ತಾರೆ ಎಂದು ನಂಬುವುದು ಕಷ್ಟ.

ಇದನ್ನು ಕಲಿಸಲು ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಮಕ್ಕಳು ಗ್ರಂಥಾಲಯದ ಮಹತ್ವ, ಸಮಯದ ಮಹತ್ವ ಎಂದು ಬಾಯಿಪಾಠ ಮಾಡಿದ ಪ್ರಬಂಧಗಳನ್ನು ಬರೆಯುತ್ತಾರೆ. ಅವುಗಳಲ್ಲಿ ಮಗುವಿನ ಸ್ವಂತದ್ದು ಒಂದು ವಾಕ್ಯವೂ ಇರುವುದಿಲ್ಲ. ಅದರ ಬದಲು ಗೋಕಾಕದ, ಮೂಡಲಗಿಯ, ಹುಕ್ಕೇರಿಯ ಯಾವುದೇ ಕನ್ನಡ ಶಿಕ್ಷಕರು ಒಂದು ಶನಿವಾರ ಮುಂಜಾನೆ ಕಪ್ಪುಹಲಗೆಯ ಮೇಲೆ ಹೀಗೆ ಬರೆಯಲಿ: ‘ನಮ್ಮೂರಿನಲ್ಲಿ ನನಗೆ ಮೆಚ್ಚಾದ ಐದು, ಯಾವುದು ಮೊದಲು, ಯಾಕೆ?’ ಒಬ್ಬ ಹುಡುಗ ಕಾಲುವೆಯ ಈಜನ್ನು ಮೊದಲಿಡುತ್ತಾನೆ, ಒಬ್ಬ ಹುಡುಗಿ ಸಂತೆಯ ಮಿರ್ಚಿ ಭಜಿಯನ್ನು ಮೊದಲಿಡುತ್ತಾಳೆ, ಇನ್ನೊಬ್ಬಳು ಅಜ್ಜಿಯ ಕೌದಿಯನ್ನು. ಅಂಕ ಕೊಡುವುದು ಯಾವುದನ್ನು ಮೊದಲಿಟ್ಟರು ಎಂಬುದಕ್ಕಲ್ಲ, ಕಾರಣ ಎಷ್ಟು ಗಟ್ಟಿ ಎಂಬುದಕ್ಕೆ. ಬರೆದ ಮೇಲೆ ಪಕ್ಕದಲ್ಲಿ ಕೂತವರ ಸಾಲನ್ನು ಓದಿ, ತಮ್ಮದರಲ್ಲಿ ಏನಾದರೂ ಬದಲಿಸಬೇಕೆನಿಸಿತೇ ಎಂದು ಇನ್ನೆರಡು ಸಾಲು ಬರೆಯಲಿ. ಇಷ್ಟಕ್ಕೆ ಹೊಸ ಪುಸ್ತಕ ಬೇಡ, ಸುತ್ತೋಲೆ ಬೇಡ, ಒಂದು ಗಂಟೆ ಸಾಕು. ತನ್ನ ಮೆಚ್ಚಿಗೆಗೆ ಕಾರಣ ಹೇಳಲು, ಇನ್ನೊಬ್ಬರ ಕಾರಣಕ್ಕೆ ಕಿವಿಗೊಡಲು ಒಮ್ಮೆ ಕಲಿತ ಮಗುವನ್ನು ಮುಂದೆ ಯಾರೂ ಸುಲಭವಾಗಿ ಹಿಂದೆ ಕಟ್ಟಿಕೊಂಡು ಓಡಾಡಲಾರರು.